ಡಿಸ್ಕ್ ಕಾಣಿಸುತ್ತಿಲ್ಲವೇ? ಫಾರ್ಮ್ಯಾಟ್ ಒತ್ತುವ ಮುನ್ನ ಮಾಡಬೇಕಾದ ಪರೀಕ್ಷೆಗಳು

ಡಿಸ್ಕ್ ಕಾಣಿಸುತ್ತಿಲ್ಲ ಎನ್ನುವವರೆಲ್ಲ ಒಂದೇ ತೊಂದರೆಯ ಬಗ್ಗೆ ಮಾತನಾಡುತ್ತಿರುವುದಿಲ್ಲ. ಒಬ್ಬರಿಗೆ ‘ದಿಸ್ ಪಿಸಿ’ ತೆರೆದಾಗ ಸಿ ಡ್ರೈವ್ ಪಕ್ಕದಲ್ಲಿರಬೇಕಾದ ಡಿ ಅಥವಾ ಇ ನಾಪತ್ತೆಯಾಗಿರುತ್ತದೆ. ಇನ್ನೊಬ್ಬರಿಗೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೂ ಅದರ ಸುಳಿವಿರುವುದಿಲ್ಲ. ಮತ್ತೊಬ್ಬರ ಕಂಪ್ಯೂಟರ್‌ನ ಬಯೋಸ್‌ಗೇ (ವಿಂಡೋಸ್‌ಗಿಂತ ಮೊದಲು ಏಳುವ ಮೂಲ ತಂತ್ರಾಂಶಕ್ಕೇ) ಅಂಥದೊಂದು ಡಿಸ್ಕ್ ಇದೆಯೆಂದು ಗೊತ್ತಿರುವುದಿಲ್ಲ. ಮೊದಲನೆಯದು ಎರಡು ನಿಮಿಷದಲ್ಲಿ ಸರಿಹೋಗಬಹುದು. ಕೊನೆಯದು ಸಾವಿರಾರು ರೂಪಾಯಿಗಳ ರಿಕವರಿಯಲ್ಲಿ ಮುಗಿಯಬಹುದು. ಆದ್ದರಿಂದ ಡಿಸ್ಕ್ ಯಾವ ಮಟ್ಟದಲ್ಲಿ ಕಣ್ಮರೆಯಾಗಿದೆ ಎಂಬುದನ್ನು ಮೊದಲು ಪತ್ತೆಹಚ್ಚಬೇಕು. ಅದು ಗೊತ್ತಾಗುವ ತನಕ ಯಾವ ‘ರಿಪೇರಿ’ ತಂತ್ರಾಂಶವನ್ನೂ ಇಳಿಸಿಕೊಳ್ಳುವ ಅಗತ್ಯವಿಲ್ಲ.

ಇಲ್ಲಿನ ವಿವರಗಳು ಹೆಚ್ಚಾಗಿ ವಿಂಡೋಸ್ 10 ಮತ್ತು 11 ಇರುವ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್‌ಗಳಿಗೆ ಸಂಬಂಧಿಸಿದವು. ಕೇಬಲ್, ವಿದ್ಯುತ್ ಮತ್ತು ಸದ್ದಿನ ಬಗ್ಗೆ ಹೇಳಿರುವುದು ಮ್ಯಾಕ್ ಹಾಗೂ ಲಿನಕ್ಸ್ ಬಳಸುವವರಿಗೂ ಅನ್ವಯಿಸುತ್ತದೆ.

ಒತ್ತಬಾರದ ಗುಂಡಿಗಳು

ಆ ಡಿಸ್ಕ್‌ನಲ್ಲಿರುವುದರ ಇನ್ನೊಂದು ಪ್ರತಿ ಬೇರೆಲ್ಲಾದರೂ ಇದೆಯೇ? ಇದ್ದರೆ ಮುಂದಿನ ಎಚ್ಚರಿಕೆಗಳಲ್ಲಿ ಅರ್ಧವನ್ನು ನೀವು ಧೈರ್ಯವಾಗಿ ಬದಿಗಿಡಬಹುದು. ಉಳಿದರೆ ಉಳಿಯಲಿ, ಹೋದರೆ ಹೊಸದು ಬರಲಿ. ಮಕ್ಕಳ ಫೋಟೋ, ಅಂಗಡಿಯ ಲೆಕ್ಕ, ಪ್ರಬಂಧದ ಕರಡು ಅದರಲ್ಲಿ ಮಾತ್ರ ಇವೆಯೆಂದಾದರೆ ಡಿಸ್ಕ್ ಸರಿಪಡಿಸುವುದು ನಿಮ್ಮ ಕೆಲಸವಲ್ಲ, ಒಳಗಿನದನ್ನು ಹೊರತೆಗೆಯುವುದು ನಿಮ್ಮ ಕೆಲಸ. ಈ ಎರಡೂ ಒಂದೇ ದಾರಿಯಲ್ಲಿ ಹೋಗುವುದಿಲ್ಲ.

ತಮಾಷೆಯೆಂದರೆ, ಇಂಥ ಹೊತ್ತಿನಲ್ಲಿ ಅತಿ ಕೆಟ್ಟ ಸಲಹೆ ಕೊಡುವುದು ವಿಂಡೋಸ್ ತಾನೇ. ಡಿಸ್ಕ್ ಓದಲು ಬಾರದಿದ್ದರೆ ಅದು ‘ಈ ಡ್ರೈವ್ ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು’ ಎಂಬ ಚೌಕವೊಂದನ್ನು ಮುಂದಿಡುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ‘ಇನಿಷಿಯಲೈಜ್ ಡಿಸ್ಕ್’ ಎಂದು ಕೇಳುತ್ತದೆ. ಎರಡಕ್ಕೂ ಉತ್ತರ ‘ಕ್ಯಾನ್ಸಲ್’. ಸುತ್ತುವ ಹಾರ್ಡ್ ಡಿಸ್ಕ್‌ನಲ್ಲಿ ತಪ್ಪಿ ಕ್ವಿಕ್ ಫಾರ್ಮ್ಯಾಟ್ ಆಗಿಹೋದರೂ ಫೈಲುಗಳ ಬಹುಪಾಲನ್ನು ಮರಳಿ ಪಡೆಯುವ ಅವಕಾಶ ಇರುತ್ತದೆ. ತಟ್ಟೆಯಿಲ್ಲದೆ ಚಿಪ್ಪುಗಳಲ್ಲೇ ಡೇಟಾ ಇಡುವ ಎಸ್‌ಎಸ್‌ಡಿಯಲ್ಲಿ ಹಾಗಲ್ಲ. ಫಾರ್ಮ್ಯಾಟ್ ಮಾಡುವಾಗ ವಿಂಡೋಸ್ ಅದಕ್ಕೆ ಟ್ರಿಮ್ ಎಂಬ ಆದೇಶ ಕಳುಹಿಸುತ್ತದೆ, ಅಂದರೆ ಈ ಜಾಗವೆಲ್ಲ ಇನ್ನು ಬೇಕಿಲ್ಲ ಎಂದು ತಿಳಿಸುತ್ತದೆ. ಎಸ್‌ಎಸ್‌ಡಿ ಅದನ್ನು ಖಾಲಿ ಮಾಡಲು ತೊಡಗಿತೆಂದರೆ ಯಾವ ರಿಕವರಿ ತಂತ್ರಾಂಶವೂ ನೆರವಿಗೆ ಬರುವುದಿಲ್ಲ.

ಮೊದಲು ಕಿವಿಗೊಡಿ

ಹಾರ್ಡ್ ಡಿಸ್ಕ್ ಆಗಿದ್ದರೆ ಪರದೆ ನೋಡುವುದಕ್ಕಿಂತ ಮೊದಲು ಕಿವಿಗೊಡಬೇಕು. ಕೋಣೆಯ ಫ್ಯಾನ್ ನಿಲ್ಲಿಸಿ, ಡಿಸ್ಕ್‌ಗೆ ವಿದ್ಯುತ್ ಕೊಟ್ಟು ಹತ್ತು ಹದಿನೈದು ಸೆಕೆಂಡು ಆಲಿಸಿ. ಹೊರಗೆ ಜೋಡಿಸುವ ಡಿಸ್ಕ್ ಆದರೆ ಅಂಗೈ ಮೇಲೆ ಮೆಲ್ಲಗೆ ಇಟ್ಟುಕೊಂಡರೆ ಸಾಕು, ಒಳಗಿನ ಮೋಟಾರು ತಿರುಗುತ್ತಿದ್ದರೆ ಸಣ್ಣ ನಡುಕ ತಿಳಿಯುತ್ತದೆ.

ಮೋಟಾರು ನಯವಾಗಿ ವೇಗ ಪಡೆದು, ಒಂದೆರಡು ಬಾರಿ ಕಿರ್ರ್ ಎಂದು ಸುಮ್ಮನಾದರೆ ಒಳ್ಳೆಯ ಸೂಚನೆ. ಯಂತ್ರಭಾಗ ಬಹುಶಃ ಸರಿಯಾಗಿದೆ, ತೊಂದರೆ ಕೇಬಲ್‌ನಲ್ಲೋ ಫೈಲ್ ವ್ಯವಸ್ಥೆಯಲ್ಲೋ (ಯಾವ ಫೈಲು ಎಲ್ಲಿದೆ ಎಂಬ ಲೆಕ್ಕದಲ್ಲೋ) ಇದೆ. ಏನೂ ಸದ್ದಿಲ್ಲದಿದ್ದರೆ ವಿದ್ಯುತ್ ತಲುಪುತ್ತಿಲ್ಲ ಅಥವಾ ಡಿಸ್ಕ್‌ನ ಸರ್ಕ್ಯೂಟ್ ಬೋರ್ಡ್ ಸುಟ್ಟಿದೆ. ಕೀಂ ಕೀಂ ಎಂಬ ಸಣ್ಣ ಬೀಪ್ ಕೇಳಿದರೆ ಮೋಟಾರು ತಿರುಗಲು ಹೆಣಗುತ್ತಿದೆ ಎಂದರ್ಥ. ವಿದ್ಯುತ್ ಸಾಲದೆ ಹೀಗಾಗಬಹುದು, ಇಲ್ಲವೇ ಓದುವ ಹೆಡ್ ತಟ್ಟೆಗೆ ಅಂಟಿಕೊಂಡಿರಬಹುದು. ಮೊದಲನೆಯದಾಗಿದ್ದರೆ ಪೋರ್ಟ್ ಬದಲಾಯಿಸಿದರೆ ಸರಿಹೋಗುತ್ತದೆ.

ಟಕ್, ಟಕ್, ಟಕ್ ಎಂದು ಒಂದೇ ಲಯದಲ್ಲಿ ಬಡಿದು, ಕೊಂಚ ಹೊತ್ತಿನ ಮೇಲೆ ಮೋಟಾರು ನಿಂತುಹೋಗುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ, ಪ್ಲಗ್ ಕೀಳಿ. ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲಬೇಕಾದ ಹೆಡ್ ತನ್ನ ಜಾಗ ಹುಡುಕಲಾರದೆ ಮತ್ತೆ ಮತ್ತೆ ಮೊದಲಿಗೆ ಮರಳುತ್ತಿದೆ. ನಿಮಿಷಕ್ಕೆ 7,200 ಸುತ್ತು ಸುತ್ತುವ ತಟ್ಟೆಗೆ ಮುರಿದ ಹೆಡ್ ಉಜ್ಜುತ್ತಿದ್ದರೆ ಪ್ರತಿ ಸೆಕೆಂಡಿಗೆ 120 ಬಾರಿ ಉಜ್ಜಿದಂತಾಯಿತು. ‘ಇನ್ನೊಂದೇ ಒಂದು ಸಲ ಹಚ್ಚಿ ನೋಡೋಣ’ ಎಂಬ ಆಸೆಯಲ್ಲಿ ಕಳೆದುಹೋದ ಫೋಟೋಗಳಿಗೆ ಲೆಕ್ಕವಿಲ್ಲ. ಹೀಗೆ ಬಡಿಯುವ ಡಿಸ್ಕ್ ಇರುವವರು ನಡುವಿನದನ್ನೆಲ್ಲ ಬಿಟ್ಟು ನೇರವಾಗಿ ರಿಕವರಿಯ ಭಾಗಕ್ಕೆ ಹೋಗಬಹುದು.

ಎಸ್‌ಎಸ್‌ಡಿಗೆ ಸದ್ದಿಲ್ಲ, ಅದೇ ಅದರ ಕಷ್ಟ. ಹೋಗುವ ಮುನ್ನ ಅದು ಮುನ್ಸೂಚನೆ ಕೊಡುವುದೂ ಕಡಿಮೆ.

ಹೊರಗೆ ಜೋಡಿಸುವ ಡಿಸ್ಕ್

ಅಂಗೈಯಗಲದ 2.5 ಇಂಚಿನ ಡಿಸ್ಕ್‌ಗಳು ತಮಗೆ ಬೇಕಾದ ವಿದ್ಯುತ್ತನ್ನು ಯುಎಸ್‌ಬಿ ಪೋರ್ಟ್‌ನಿಂದಲೇ ಪಡೆಯುತ್ತವೆ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್, ಯುಎಸ್‌ಬಿ 3.0 ಕೊಡಬೇಕಾದದ್ದು 900. ಮೋಟಾರು ಚಾಲೂ ಆಗುವ ಕ್ಷಣದಲ್ಲಿ ಬೇಕಾಗುವ ವಿದ್ಯುತ್ತು ಸುತ್ತುತ್ತಿರುವಾಗಿನದಕ್ಕಿಂತ ಹೆಚ್ಚು. ಹಾಗಾಗಿ ಡೆಸ್ಕ್‌ಟಾಪ್ ಕ್ಯಾಬಿನೆಟ್‌ನ ಮುಂಭಾಗದ ಪೋರ್ಟ್‌ನಲ್ಲೋ, ನಾಲ್ಕು ಸಾಧನಗಳನ್ನು ಹೊತ್ತ ಅಗ್ಗದ ಹಬ್‌ನಲ್ಲೋ ಮಿಣುಕು ದೀಪ ಹತ್ತಿಯೂ ಡಿಸ್ಕ್ ಕಾಣಿಸದಿದ್ದರೆ ಆಶ್ಚರ್ಯವಿಲ್ಲ. ಹಬ್ ತೆಗೆದುಹಾಕಿ, ಮದರ್‌ಬೋರ್ಡ್‌ಗೆ ನೇರವಾಗಿ ಅಂಟಿಕೊಂಡಿರುವ ಹಿಂಭಾಗದ ಪೋರ್ಟ್‌ಗೆ ಹಾಕಿ. ದೀಪ ಹತ್ತುವುದು ಡಿಸ್ಕ್ ಸರಿಯಿದೆ ಎಂಬುದಕ್ಕೆ ಪುರಾವೆಯಲ್ಲ. ದೀಪಕ್ಕೆ ಬೇಕಾದ ವಿದ್ಯುತ್ತು ಬಲು ಕಡಿಮೆ.

ನಂತರ ಕೇಬಲ್. ಇಂಥ ಡಿಸ್ಕ್‌ಗಳ ಅಗಲವಾದ ಮೈಕ್ರೋ ಬಿ ತುದಿ ಬೇಗ ಸಡಿಲವಾಗುತ್ತದೆ. ಕೇಬಲ್ ಅಲುಗಿಸಿದಾಗ ವಿಂಡೋಸ್‌ನ ಟಿಂಗ್ ಸದ್ದು ಬಂದು ಹೋಗುತ್ತಿದ್ದರೆ ಕೇಬಲ್ ಇಲ್ಲವೇ ಡಿಸ್ಕ್‌ನ ಸಾಕೆಟ್ ಸವೆದಿದೆ. ಟೈಪ್ ಸಿ ಆಗಿದ್ದರೆ ಇನ್ನೊಂದು ಗೊಂದಲ: ಚಾರ್ಜಿಂಗ್‌ಗೆಂದೇ ಮಾಡಿದ ಕೆಲವು ಕೇಬಲ್‌ಗಳಲ್ಲಿ ಡೇಟಾ ಸಾಗಿಸುವ ತಂತಿಗಳೇ ಇರುವುದಿಲ್ಲ. ನೋಡಲು ಎರಡೂ ಒಂದೇ ಥರ. ಬೇರೆ ಡಿಸ್ಕ್‌ನೊಂದಿಗೆ ಕೆಲಸ ಮಾಡುತ್ತದೆಂದು ಕಣ್ಣಾರೆ ಕಂಡ ಕೇಬಲ್‌ನಿಂದ ಮಾತ್ರ ಪರೀಕ್ಷೆ ನಡೆಸಿ. ಆಮೇಲೆ ಇದೇ ಜೋಡಿಯನ್ನು ಇನ್ನೊಂದು ಕಂಪ್ಯೂಟರ್‌ಗೆ ಹಚ್ಚಿ ನೋಡಿ. ಅಲ್ಲಿ ಕಾಣಿಸಿದರೆ ಡಿಸ್ಕ್ ನಿರಪರಾಧಿ. ಮೊದಲು ಬೇಕಾದ ಫೈಲುಗಳನ್ನು ಅಲ್ಲೇ ನಕಲು ಮಾಡಿಕೊಂಡು, ಬಳಿಕ ನಿಮ್ಮ ಕಂಪ್ಯೂಟರ್ ಕಡೆ ಗಮನ ಹರಿಸಿ.

ಪುಸ್ತಕದಷ್ಟು ದಪ್ಪದ 3.5 ಇಂಚಿನ ಡಿಸ್ಕ್‌ಗಳಿಗೆ ಪ್ರತ್ಯೇಕ 12 ವೋಲ್ಟ್ ಅಡಾಪ್ಟರ್ ಇರುತ್ತದೆ. ಮನೆಯಲ್ಲಿ ವೈಫೈ ರೂಟರ್, ಲ್ಯಾಪ್‌ಟಾಪ್, ಸೆಟ್‌ಟಾಪ್ ಬಾಕ್ಸ್ ಅಡಾಪ್ಟರ್‌ಗಳೆಲ್ಲ ಒಂದೇ ಡಬ್ಬದಲ್ಲಿ ಬಿದ್ದಿರುತ್ತವೆ, ಪಿನ್ನುಗಳೂ ಒಂದಕ್ಕೊಂದು ಕೂರುತ್ತವೆ. 12 ವೋಲ್ಟಿನ ಜಾಗಕ್ಕೆ 19 ವೋಲ್ಟಿನ ಲ್ಯಾಪ್‌ಟಾಪ್ ಅಡಾಪ್ಟರ್ ಹಾಕಿದ ಮರುಕ್ಷಣವೇ ಡಿಸ್ಕ್ ಸುಮ್ಮನಾಗುತ್ತದೆ. ಹೀಗಾಗಿದ್ದರೂ ಎದೆಗುಂದಬೇಕಾಗಿಲ್ಲ. ಹೆಚ್ಚಿನ ಡಿಸ್ಕ್‌ಗಳ ಬೋರ್ಡ್ ಮೇಲೆ ಅಧಿಕ ವೋಲ್ಟೇಜನ್ನು ತಾನು ನುಂಗಿ ಉಳಿದದ್ದನ್ನು ಕಾಪಾಡುವ ಟಿವಿಎಸ್ ಡಯೋಡ್ ಇರುತ್ತದೆ. ಸುಟ್ಟದ್ದು ಅದೊಂದೇ ಆಗಿದ್ದರೆ ಎಲೆಕ್ಟ್ರಾನಿಕ್ಸ್ ಬಲ್ಲ ರಿಕವರಿ ತಜ್ಞರಿಗೆ ಅದು ದೊಡ್ಡ ಕೆಲಸವಲ್ಲ.

ಡಿಸ್ಕ್ ಸುತ್ತುತ್ತಿದೆ, ಕೇಬಲ್ ಸರಿಯಿದೆ, ಆದರೂ ಕಾಣಿಸುತ್ತಿಲ್ಲ ಎಂದಾದರೆ ಪೆಟ್ಟಿಗೆಯೊಳಗೆ ಸಾಟಾವನ್ನು (ಕಂಪ್ಯೂಟರ್ ಒಳಗಿನ ಡಿಸ್ಕ್‌ಗಳ ಜೋಡಣೆಯ ವಿಧಾನವನ್ನು) ಯುಎಸ್‌ಬಿಗೆ ಬದಲಾಯಿಸುವ ಪುಟ್ಟ ಬೋರ್ಡ್ ಕೆಟ್ಟಿರಬಹುದು. ಡಿಸ್ಕನ್ನು ಹೊರತೆಗೆದು ನೇರ ಸಾಟಾ ಕೇಬಲ್‌ಗೆ ಜೋಡಿಸುವುದು ಹಳೆಯ ಉಪಾಯ, ಒಳ್ಳೆಯದೂ ಹೌದು. ಆದರೆ ಎರಡು ತೊಡಕುಗಳಿವೆ. ಈಗಿನ ಹಲವು ಪೋರ್ಟಬಲ್ ಡಿಸ್ಕ್‌ಗಳಲ್ಲಿ ಯುಎಸ್‌ಬಿ ಸಾಕೆಟ್ಟನ್ನು ಡಿಸ್ಕ್‌ನ ಬೋರ್ಡ್‌ಗೇ ಬೆಸೆದಿರುತ್ತಾರೆ, ಒಳಗೆ ಸಾಟಾ ಕನೆಕ್ಟರ್ ಇರುವುದೇ ಇಲ್ಲ. ಇನ್ನು ಕೆಲವು ಮಾದರಿಗಳಲ್ಲಿ, ನೀವು ಪಾಸ್‌ವರ್ಡ್ ಇಡದಿದ್ದರೂ, ಆ ಬೋರ್ಡ್ ಎಲ್ಲವನ್ನೂ ಗೂಢಲಿಪಿಗೆ ಬದಲಾಯಿಸಿಯೇ ಬರೆದಿರುತ್ತದೆ. ಬೋರ್ಡ್ ಬಿಟ್ಟು ಡಿಸ್ಕ್ ಮಾತ್ರ ಓದಿದರೆ ಅರ್ಥವಾಗದ ಅಂಕಿಗಳು ಕಾಣುತ್ತವೆ. ಹಾಗಾಗಿ ಹಳೆಯ ಬೋರ್ಡನ್ನು ಕಸಕ್ಕೆ ಎಸೆಯಬೇಡಿ.

ಕ್ಯಾಬಿನೆಟ್ ಒಳಗೆ

ಕಂಪ್ಯೂಟರ್ ಆರಿಸಿ, ಗೋಡೆಯ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಕ್ಯಾಬಿನೆಟ್‌ನ ಲೋಹವನ್ನು ಮುಟ್ಟಿದ ಮೇಲೆಯೇ ಕೈಹಾಕಬೇಕು. ಸಾಟಾ ಡಿಸ್ಕ್‌ಗೆ ಎರಡು ತಂತಿಗಳು ಬರುತ್ತವೆ: ಮದರ್‌ಬೋರ್ಡ್‌ನಿಂದ 7 ಪಿನ್ನಿನ ಕಿರಿದಾದ ಡೇಟಾ ಕೇಬಲ್, ಎಸ್‌ಎಂಪಿಎಸ್‌ನಿಂದ (ಕ್ಯಾಬಿನೆಟ್‌ನ ಭಾಗಗಳಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) 15 ಪಿನ್ನಿನ ಅಗಲವಾದ ಪವರ್ ಕೇಬಲ್. ಎರಡನ್ನೂ ಎರಡೂ ತುದಿಯಲ್ಲಿ ತೆಗೆದು ಮತ್ತೆ ಒತ್ತಿ ಕೂರಿಸಿ. ಕ್ಯಾಬಿನೆಟ್ ಸ್ವಚ್ಛ ಮಾಡಿದ ಮರುದಿನ ಡಿಸ್ಕ್ ಕಾಣೆಯಾಗಿದ್ದರೆ ಕಾರಣ ನೂರಕ್ಕೆ ತೊಂಬತ್ತು ಪಾಲು ಇಲ್ಲೇ ಇರುತ್ತದೆ. ಫಲವಿಲ್ಲದಿದ್ದರೆ ಡೇಟಾ ಕೇಬಲ್ ಬದಲಾಯಿಸಿ, ಆಮೇಲೆ ಮದರ್‌ಬೋರ್ಡ್‌ನ ಪೋರ್ಟ್ ಬದಲಾಯಿಸಿ, ಕಡೆಗೆ ಪವರ್ ಕನೆಕ್ಟರ್. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿದರೆ ಅಪರಾಧಿ ಯಾರೆಂದು ತಿಳಿಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಕಂಪ್ಯೂಟರ್ ಅಂಗಡಿಯವರೆಗೆ ಎಲ್ಲೆಡೆ ಸಿಗುವ ಅಗ್ಗದ ಭಾಗ ಈ ಡೇಟಾ ಕೇಬಲ್. ಅದನ್ನು ಉಳಿಸಿಕೊಂಡು ಡಿಸ್ಕನ್ನು ಅನುಮಾನಿಸುವುದರಲ್ಲಿ ಅರ್ಥವಿಲ್ಲ.

ಪವರ್ ಕೇಬಲ್ ವಿಷಯದಲ್ಲಿ ಮಾತ್ರ ಅಷ್ಟು ಸಲೀಸಾಗಿ ಇರಬಾರದು. ಕಳಚಬಹುದಾದ ಕೇಬಲ್‌ಗಳಿರುವ ಎಸ್‌ಎಂಪಿಎಸ್‌ಗೆ ಬೇರೆ ಕಂಪನಿಯ, ಕೆಲವೊಮ್ಮೆ ಅದೇ ಕಂಪನಿಯ ಬೇರೆ ಮಾದರಿಯ ಕೇಬಲ್ ಕೂಡ ಸಲೀಸಾಗಿ ಕೂರುತ್ತದೆ. ಆದರೆ ಒಳಗಿನ ತಂತಿಗಳ ಕ್ರಮ ಬೇರೆ. 5 ವೋಲ್ಟ್ ಹೋಗಬೇಕಾದಲ್ಲಿಗೆ 12 ವೋಲ್ಟ್ ಹೋಗಿ, ಒಂದೇ ಬಾರಿಗೆ ಮೂರು ನಾಲ್ಕು ಡಿಸ್ಕ್‌ಗಳು ಸುಡಬಹುದು.

ಹೊರಗಿನ ಪೆಟ್ಟಿಗೆಯಿಂದ ಬಿಚ್ಚಿ ತೆಗೆದ ದೊಡ್ಡ ಡಿಸ್ಕ್ ಹಳೆಯ ಎಸ್‌ಎಂಪಿಎಸ್‌ನಲ್ಲಿ ಸುತ್ತದೇ ಇದ್ದರೆ ಅದು ಕೆಟ್ಟಿದೆ ಎನ್ನುವಂತಿಲ್ಲ. ಹೊಸ ಸಾಟಾ ನಿಯಮದಲ್ಲಿ ಪವರ್ ಕನೆಕ್ಟರ್‌ನ ಮೂರನೆಯ ಪಿನ್ನಿಗೆ 3.3 ವೋಲ್ಟ್ ಬಂದರೆ ‘ಆಫ್ ಆಗು’ ಎಂದರ್ಥ. ಹಳೆಯ ಎಸ್‌ಎಂಪಿಎಸ್ ಅದೇ ಪಿನ್ನಿಗೆ ಸದಾ 3.3 ವೋಲ್ಟ್ ಕೊಡುತ್ತಿರುತ್ತದೆ. ಆ ಪಿನ್ನನ್ನು ಶಾಖ ತಾಳುವ ಟೇಪಿನಿಂದ ಮುಚ್ಚಿದರೆ ಡಿಸ್ಕ್ ಎದ್ದು ಕೂರುತ್ತದೆ.

ಎಂ.2 ಕಡ್ಡಿಗಳ ಕಥೆಯೇ ಬೇರೆ. ಚೂಯಿಂಗ್ ಗಮ್ ಪಟ್ಟಿಯಂಥ ಈ ಎಸ್‌ಎಸ್‌ಡಿಗಳಲ್ಲಿ ಸಾಟಾ ಮತ್ತು ಎನ್‌ವಿಎಂಇ ಎಂಬ ಎರಡು ಜಾತಿಗಳಿವೆ. ಎನ್‌ವಿಎಂಇಗೆ ಮಾತ್ರ ಇರುವ ಸ್ಲಾಟ್‌ನಲ್ಲಿ ಸಾಟಾ ಕಡ್ಡಿ ಅಂದವಾಗಿ ಕೂತು, ಸ್ಕ್ರೂ ಕೂಡ ಬಿಗಿಯಾಗಿ, ಜೀವಮಾನವಿಡೀ ಕಾಣಿಸದೇ ಇರಬಲ್ಲದು. ಸಾಮಾನ್ಯವಾಗಿ ಚಿನ್ನದ ಬಣ್ಣದ ಅಂಚಿನಲ್ಲಿ ಎರಡು ಕಚ್ಚುಗಳಿದ್ದರೆ ಸಾಟಾ, ಒಂದಿದ್ದರೆ ಎನ್‌ವಿಎಂಇ; ಖಚಿತಪಡಿಸಿಕೊಳ್ಳಲು ಲೇಬಲ್ ಓದಿ. ಹಲವು ಮದರ್‌ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್ ತುಂಬಿದರೆ ಒಂದೆರಡು ಸಾಟಾ ಪೋರ್ಟ್‌ಗಳು ತಾವಾಗಿಯೇ ಬಂದ್ ಆಗುತ್ತವೆ. ಹೊಸ ಎಸ್‌ಎಸ್‌ಡಿ ಹಾಕಿದ ದಿನವೇ ಹಳೆಯ ಹಾರ್ಡ್ ಡಿಸ್ಕ್ ಮಾಯವಾಗಿದ್ದರೆ ಮದರ್‌ಬೋರ್ಡ್‌ನ ಕೈಪಿಡಿಯಲ್ಲಿ ಯಾವ ಪೋರ್ಟ್ ಎಂದು ನೋಡಿ, ಕೇಬಲ್ ಬೇರೆ ಪೋರ್ಟ್‌ಗೆ ಸರಿಸಿ.

ಬಯೋಸ್ ಏನು ಹೇಳುತ್ತದೆ?

ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಡಿಲೀಟ್, ಎಫ್2 ಅಥವಾ ಎಫ್10 ಕೀಲಿಯನ್ನು (ಕಂಪನಿಗೆ ತಕ್ಕಂತೆ ಬದಲಾಗುತ್ತದೆ) ತಟ್ಟುತ್ತಿದ್ದರೆ ಬಯೋಸ್ ತೆರೆಯುತ್ತದೆ. ಸ್ಟೋರೇಜ್ ಅಥವಾ ಸಾಟಾ ಎಂದಿರುವ ಪುಟದಲ್ಲಿ ಡಿಸ್ಕ್‌ನ ಮಾದರಿ ಸಂಖ್ಯೆ ಹುಡುಕಿ. ಎನ್‌ವಿಎಂಇ ಡಿಸ್ಕ್‌ಗಳು ಅನೇಕ ಬಾರಿ ಬೇರೆ ಪುಟದಲ್ಲಿರುತ್ತವೆ, ಅದನ್ನೂ ನೋಡದೆ ತೀರ್ಮಾನಕ್ಕೆ ಬರಬೇಡಿ.

ಹೆಸರೂ ಗಾತ್ರವೂ ಸರಿಯಾಗಿ ಕಂಡರೆ ಡಿಸ್ಕ್‌ನ ಎಲೆಕ್ಟ್ರಾನಿಕ್ಸ್ ಬದುಕಿದೆ, ವಿಂಡೋಸ್ ಮಟ್ಟದ ಪರೀಕ್ಷೆಗೆ ಹೋಗಬಹುದು. ಹೆಸರು ವಿಚಿತ್ರವಾಗಿದ್ದು ಗಾತ್ರ ಸೊನ್ನೆ ಅಥವಾ ಕೆಲವು ಮೆಗಾಬೈಟ್ ಎಂದು ತೋರಿಸಿದರೆ ಡಿಸ್ಕ್‌ನ ಫರ್ಮ್‌ವೇರ್ (ಅದರೊಳಗೇ ಇರುವ ನಿಯಂತ್ರಣದ ತಂತ್ರಾಂಶ) ದಾರಿ ತಪ್ಪಿದೆ.

ಹಳೆಯ ಡೆಸ್ಕ್‌ಟಾಪ್ ಆಗಿದ್ದರೆ ಬಯೋಸ್‌ನ ಗಡಿಯಾರ ನೋಡಿ. ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿ ಮುಗಿದಿದೆ, ಎಲ್ಲ ಆಯ್ಕೆಗಳೂ ಕಾರ್ಖಾನೆಯ ಸ್ಥಿತಿಗೆ ಮರಳಿವೆ. ಡಿಸ್ಕ್‌ನೊಂದಿಗೆ ಕಂಪ್ಯೂಟರ್ ಮಾತನಾಡುವ ಸಾಟಾ ವಿಧಾನ ಎಎಚ್‌ಸಿಐನಿಂದ ರೇಡ್‌ಗೆ ಅಥವಾ ರೇಡ್‌ನಿಂದ ಎಎಚ್‌ಸಿಐಗೆ ಬದಲಾಗಿದ್ದರೆ, ಸಂಪೂರ್ಣ ಆರೋಗ್ಯವಾಗಿರುವ ಡಿಸ್ಕ್‌ನಿಂದಲೂ ವಿಂಡೋಸ್ ಏಳುವುದಿಲ್ಲ. ಬ್ಯಾಟರಿ ಬದಲಾಯಿಸಿ, ಮೊದಲಿದ್ದ ವಿಧಾನಕ್ಕೆ ಮರಳಿಸಿದರೆ ಮುಗಿಯಿತು.

11ನೇ ತಲೆಮಾರಿನ ಮತ್ತು ಆಮೇಲಿನ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ಪೇಚಾಟವಿದೆ. ಹೊಸದಾಗಿ ವಿಂಡೋಸ್ ಹಾಕಲು ಹೋದಾಗ ಡಿಸ್ಕ್‌ಗಳ ಪಟ್ಟಿ ಖಾಲಿ ಬರುತ್ತದೆ. ಡಿಸ್ಕ್ ಸರಿಯಾಗಿಯೇ ಇದೆ. ಅದು ವಿಎಂಡಿ ಎಂಬ ನಿಯಂತ್ರಕದ ಹಿಂದೆ ಇರುವುದರಿಂದ ಇನ್‌ಸ್ಟಾಲರ್‌ಗೆ ಕಾಣುತ್ತಿಲ್ಲ. ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಿಂದ ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಚಾಲಕವನ್ನು (ಡ್ರೈವರ್) ಇಳಿಸಿ, ಎಕ್ಸ್‌ಟ್ರ್ಯಾಕ್ಟ್ ಮಾಡಿ, ಪೆನ್ ಡ್ರೈವ್‌ಗೆ ಹಾಕಿಕೊಂಡು ‘ಲೋಡ್ ಡ್ರೈವರ್’ ಮೂಲಕ ತೋರಿಸಿದರೆ ಡಿಸ್ಕ್ ಪ್ರತ್ಯಕ್ಷವಾಗುತ್ತದೆ. ಬಯೋಸ್‌ನಲ್ಲಿ ವಿಎಂಡಿಯನ್ನೇ ಆರಿಸುವುದು ಸುಲಭದ ದಾರಿಯೆಂದು ಹಲವರು ಹೇಳುತ್ತಾರೆ. ಈಗಾಗಲೇ ವಿಂಡೋಸ್ ಇರುವ ಯಂತ್ರದಲ್ಲಿ ಹಾಗೆ ಮಾಡಿದರೆ ಅದು ನೀಲಿ ಪರದೆ ತೋರಿಸಿ ಕೈಕೊಡುವ ಸಂಭವವೇ ಹೆಚ್ಚು.

ಕರೆಂಟ್ ಹೋದ ಮೇಲೆ ಮಾಯವಾದ ಎಸ್‌ಎಸ್‌ಡಿ

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ನಮ್ಮಲ್ಲಿ ಕರೆಂಟ್ ಹೋಗುವುದು ಹೊಸದೇನಲ್ಲ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ದಿಢೀರನೆ ಆರಿ, ಮತ್ತೆ ಹಚ್ಚಿದಾಗ ಎಸ್‌ಎಸ್‌ಡಿ ಬಯೋಸ್‌ನಲ್ಲೂ ಇಲ್ಲದಿದ್ದರೆ ತಕ್ಷಣ ಅದನ್ನು ಸತ್ತದ್ದೆಂದು ಘೋಷಿಸಬೇಡಿ. ಯಾವ ಫೈಲು ಯಾವ ಚಿಪ್ಪಿನ ಯಾವ ಮೂಲೆಯಲ್ಲಿದೆ ಎಂಬ ನಕ್ಷೆಯನ್ನು ಎಸ್‌ಎಸ್‌ಡಿ ಸದಾ ಬರೆದುಕೊಳ್ಳುತ್ತಿರುತ್ತದೆ. ಆ ಬರವಣಿಗೆಯ ನಡುವೆ ವಿದ್ಯುತ್ ನಿಂತರೆ ನಕ್ಷೆ ಅರೆಬರೆಯಾಗುತ್ತದೆ, ಅದನ್ನು ಸರಿಪಡಿಸಿಕೊಳ್ಳಲು ಎಸ್‌ಎಸ್‌ಡಿಗೆ ಸಮಯ ಬೇಕು. ಕ್ರೂಶಿಯಲ್ ಕಂಪನಿ ಇದಕ್ಕೊಂದು ವಿಧಾನವನ್ನೇ ಪ್ರಕಟಿಸಿದೆ:

1. ಕಂಪ್ಯೂಟರ್ ಆರಿಸಿ ಸಾಟಾ ಡೇಟಾ ಕೇಬಲ್ ಮಾತ್ರ ಕಳಚಿ. ಪವರ್ ಕೇಬಲ್ ಹಾಗೆಯೇ ಇರಲಿ.
2. ಕಂಪ್ಯೂಟರ್ ಆನ್ ಮಾಡಿ 20 ನಿಮಿಷ ಸುಮ್ಮನೆ ಬಿಡಿ.
3. ಆರಿಸಿ, ಪವರ್ ಕೇಬಲನ್ನೂ ಕಳಚಿ 30 ಸೆಕೆಂಡು ಕಾಯಿರಿ.
4. ಪವರ್ ಕೇಬಲ್ ಮಾತ್ರ ಮರಳಿ ಜೋಡಿಸಿ 2 ಮತ್ತು 3ನೇ ಹಂತಗಳನ್ನು ಇನ್ನೊಮ್ಮೆ ಮಾಡಿ, ಆಮೇಲೆ ಎರಡೂ ಕೇಬಲ್ ಜೋಡಿಸಿ ನೋಡಿ.

ಡೇಟಾ ಕೇಬಲ್ ಕಳಚಲಾಗದ ಲ್ಯಾಪ್‌ಟಾಪ್, ಎಂ.2 ಇದ್ದರೆ ವಿಂಡೋಸ್‌ಗೆ ಹೋಗದೆ ಬಯೋಸ್ ಪರದೆಯಲ್ಲೇ ಅಷ್ಟು ಹೊತ್ತು ಬಿಡಬಹುದು. ಎಲ್ಲ ಎಸ್‌ಎಸ್‌ಡಿಗಳೂ ಇದಕ್ಕೆ ಬಗ್ಗುವುದಿಲ್ಲ. ಆದರೆ ಖರ್ಚಿಲ್ಲದ, ಡೇಟಾಕ್ಕೆ ಅಪಾಯವಿಲ್ಲದ ಪ್ರಯತ್ನವಿದು.

ಫರ್ಮ್‌ವೇರ್ ದೋಷದಿಂದಲೇ ಡಿಸ್ಕ್‌ಗಳು ಸಾಮೂಹಿಕವಾಗಿ ಕಣ್ಮರೆಯಾದ ಚರಿತ್ರೆಯೂ ಇದೆ. 2009ರ ಆರಂಭದಲ್ಲಿ ಸೀಗೇಟ್ ಬರಾಕುಡಾ 7200.11 ಹಾರ್ಡ್ ಡಿಸ್ಕ್‌ಗಳು ರೀಸ್ಟಾರ್ಟ್ ಆದ ಮೇಲೆ ಬಯೋಸ್‌ಗೆ ಕಾಣದೆ ಹೋಗಿ ದೊಡ್ಡ ಗದ್ದಲವಾಯಿತು. 2011ರಲ್ಲಿ ಇಂಟೆಲ್ 320 ಎಸ್‌ಎಸ್‌ಡಿಗಳು ಕರೆಂಟ್ ಹೋಗಿ ಬಂದ ಮೇಲೆ ತಮ್ಮ ಗಾತ್ರ ಬರೀ 8 ಮೆಗಾಬೈಟ್ ಎಂದು ಹೇಳತೊಡಗಿದವು. ಕ್ರೂಶಿಯಲ್ ಎಂ4ಗಳು 5,184 ಗಂಟೆ ಓಡಿದ ನಂತರ ಸ್ತಬ್ಧವಾಗುತ್ತಿದ್ದವು. 2012ರ ಜನವರಿಯಲ್ಲಿ ಪರಿಹಾರದ ಫರ್ಮ್‌ವೇರ್ ಬಂತು. 2019ರ ನವೆಂಬರ್‌ನಲ್ಲಿ ಎಚ್‌ಪಿಇ ಕಂಪನಿ ತನ್ನ ಕೆಲವು ಸರ್ವರ್ ಎಸ್‌ಎಸ್‌ಡಿಗಳು 32,768ನೇ ಗಂಟೆಗೆ ಸಂಪೂರ್ಣ ಕೆಟ್ಟುಹೋಗುತ್ತವೆ ಎಂದು ಎಚ್ಚರಿಸಿತು. ಪ್ರೋಗ್ರಾಮಿಂಗ್ ಬಲ್ಲವರಿಗೆ ಈ ಸಂಖ್ಯೆ ನೋಡಿದರೆ ಸಾಕು, 2ರ 15ನೇ ಘಾತ. ನಿಮ್ಮ ಡಿಸ್ಕ್ ಮಾದರಿಗೆ ಕಂಪನಿಯ ಪುಟದಲ್ಲಿ ಫರ್ಮ್‌ವೇರ್ ಸೂಚನೆ ಇದೆಯೇ ಎಂದು ನೋಡುವುದು ಆದ್ದರಿಂದ ವ್ಯರ್ಥವಲ್ಲ. ಆದರೆ ಡೇಟಾ ಉಳಿಸಿಕೊಳ್ಳುವ ಮುನ್ನ ಫರ್ಮ್‌ವೇರ್ ಬದಲಾಯಿಸುವ ಸಾಹಸ ಬೇಡ.

ಬಯೋಸ್‌ಗೆ ಕಾಣುತ್ತದೆ, ವಿಂಡೋಸ್‌ಗೆ ಕಾಣುವುದಿಲ್ಲ

ವಿಂಡೋಸ್ ಕೀಲಿ ಮತ್ತು ಎಕ್ಸ್ ಒಟ್ಟಿಗೆ ಒತ್ತಿದರೆ ಬರುವ ಪಟ್ಟಿಯಲ್ಲಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಆಯ್ಕೆಮಾಡಿ. ಕೆಳಗಿನ ಅರ್ಧದಲ್ಲಿ ಡಿಸ್ಕ್ 0, ಡಿಸ್ಕ್ 1 ಎಂಬ ಸಾಲುಗಳಿರುತ್ತವೆ. ಗಾತ್ರ ನೋಡಿ ನಿಮ್ಮದು ಯಾವುದೆಂದು ಗುರುತಿಸಿ. 1 ಟಿಬಿ ಎಂದು ಕೊಂಡದ್ದು 931 ಜಿಬಿ ಎಂದು ಕಂಡರೆ ಗಾಬರಿ ಬೇಡ, ಎಣಿಕೆಯ ಕ್ರಮ ಬೇರೆ ಅಷ್ಟೆ.

ನೀಲಿ ಪಟ್ಟಿಯ ಕೆಳಗೆ ಎನ್‌ಟಿಎಫ್‌ಎಸ್, ಹೆಲ್ದಿ ಎಂದೆಲ್ಲ ಇದ್ದು ಅಕ್ಷರ ಮಾತ್ರ ಇಲ್ಲದಿದ್ದರೆ ಅದೃಷ್ಟ ನಿಮ್ಮದು. ಅದರ ಮೇಲೆ ಬಲ ಕ್ಲಿಕ್ ಮಾಡಿ ‘ಚೇಂಜ್ ಡ್ರೈವ್ ಲೆಟರ್ ಅಂಡ್ ಪಾತ್ಸ್’ ಆರಿಸಿ, ‘ಆ್ಯಡ್’ ಒತ್ತಿ, ಯಾವುದಾದರೂ ಖಾಲಿ ಅಕ್ಷರ ಕೊಡಿ. ನೂರು ಮೆಗಾಬೈಟ್ ಆಸುಪಾಸಿನ ಇಎಫ್‌ಐ ಭಾಗ, ರಿಕವರಿ ಎಂದು ಬರೆದ ಭಾಗ ಇವೆರಡಕ್ಕೂ ಅಕ್ಷರ ಇರಬಾರದು, ಅವುಗಳ ತಂಟೆಗೆ ಹೋಗಬೇಡಿ.

‘ಆಫ್‌ಲೈನ್’ ಎಂದಿದ್ದರೆ ಎಡಗಡೆಯ ಚೌಕದ ಮೇಲೆ ಬಲ ಕ್ಲಿಕ್ ಮಾಡಿ ‘ಆನ್‌ಲೈನ್’ ಆರಿಸಿದರೆ ಸಾಕು. ಹಳೆಯ ಡಿಸ್ಕನ್ನು ಹೊಸದಕ್ಕೆ ಪಡಿಯಚ್ಚು ಮಾಡಿ ಎರಡನ್ನೂ ಒಟ್ಟಿಗೆ ಜೋಡಿಸಿದಾಗ ಹೀಗಾಗುವುದು ಮಾಮೂಲಿ. ಎರಡರ ಗುರುತಿನ ಸಂಖ್ಯೆಯೂ ಒಂದೇ ಆಗಿರುವುದರಿಂದ ವಿಂಡೋಸ್ ಒಂದನ್ನು ಹೊರಗಿಡುತ್ತದೆ. ಬೀಗದ ಚಿತ್ರ ಕಾಣುತ್ತಿದ್ದರೆ ಅದು ಬಿಟ್‌ಲಾಕರ್, ಅಂದರೆ ಡಿಸ್ಕ್‌ನಲ್ಲಿರುವುದನ್ನು ಗೂಢಲಿಪಿಯಲ್ಲಿ ಬೀಗ ಹಾಕಿಡುವ ವಿಂಡೋಸ್‌ನ ವ್ಯವಸ್ಥೆ. 48 ಅಂಕಿಗಳ ರಿಕವರಿ ಕೀಲಿ ಬೇಕು. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಕಚೇರಿಯ ಲ್ಯಾಪ್‌ಟಾಪ್ ಆದರೆ ಐಟಿ ವಿಭಾಗದಲ್ಲಿ. ಆ ಕೀಲಿ ಇಲ್ಲದೆ ಬಿಟ್‌ಲಾಕರ್ ತೆರೆದುಕೊಡುತ್ತೇನೆ ಎನ್ನುವವರ ಮಾತು ನಂಬಬೇಡಿ.

ಡಿಸ್ಕ್ ಬೇರೆಯವರಿಂದ ಬಂದದ್ದೇ? ಮ್ಯಾಕ್‌ನಲ್ಲಿ ತಯಾರಾದ ಎಪಿಎಫ್‌ಎಸ್ ಡಿಸ್ಕನ್ನೂ ಲಿನಕ್ಸ್‌ನ ಎಕ್ಸ್ಟ್4 ಡಿಸ್ಕನ್ನೂ ವಿಂಡೋಸ್ ತಾನಾಗಿ ಓದುವುದಿಲ್ಲ. ಓದಲು ಬರುವುದಿಲ್ಲ ಎಂದು ಒಪ್ಪಿಕೊಳ್ಳುವ ಬದಲು ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ. ಮದುವೆಯ ವಿಡಿಯೋ ತುಂಬಿದ ಡಿಸ್ಕನ್ನು ಸ್ಟುಡಿಯೋದವರು ಮ್ಯಾಕ್‌ನಿಂದ ಕೊಟ್ಟಿದ್ದರೆ, ಮೊದಲು ಅವರಿಗೊಂದು ಫೋನ್ ಮಾಡಿ ವಿಚಾರಿಸಿ.

‘ರಾ’ ಎಂದಿದ್ದರೆ ಫೈಲ್ ವ್ಯವಸ್ಥೆ ಹಾಳಾಗಿದೆ. ‘ಅನ್‌ಅಲೊಕೇಟೆಡ್’ ಎಂದಿದ್ದರೆ ವಿಭಾಗಗಳ ಪಟ್ಟಿಯೇ ಅಳಿಸಿದೆ. ಇವೆರಡರಲ್ಲೂ ಫೈಲುಗಳು ಬಹುತೇಕ ಇದ್ದ ಜಾಗದಲ್ಲೇ ಇರುತ್ತವೆ. ‘ನಾಟ್ ಇನಿಷಿಯಲೈಜ್ಡ್’ ಎಂದಿದ್ದು ಗಾತ್ರವೂ ಕಾಣದಿದ್ದರೆ, ಅಥವಾ ಪೆನ್ ಡ್ರೈವ್‌ಗೆ ‘ನೋ ಮೀಡಿಯಾ’ ಎಂದು ಬಂದರೆ ತೊಂದರೆ ತಂತ್ರಾಂಶದ್ದಲ್ಲ, ಒಳಗಿನ ಯಂತ್ರದ್ದು. ಡಿಸ್ಕ್ ಜೋಡಿಸಿದಾಗಲೆಲ್ಲ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯದೆ ಗಂಟೆಗಟ್ಟಲೆ ಸುತ್ತುತ್ತಾ, ತೆಗೆದ ಕೂಡಲೇ ಚುರುಕಾಗುತ್ತಿದ್ದರೆ ಅದೂ ಇದೇ ಗುಂಪಿಗೆ ಸೇರಿದ್ದು.

ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಪಕ್ಕ ಹಳದಿ ತ್ರಿಕೋನವಿದ್ದರೆ ‘ಅನ್‌ಇನ್‌ಸ್ಟಾಲ್ ಡಿವೈಸ್’ ಕೊಟ್ಟು, ‘ಸ್ಕ್ಯಾನ್ ಫಾರ್ ಹಾರ್ಡ್‌ವೇರ್ ಚೇಂಜಸ್’ ಒತ್ತಿ. ಹೆಸರು ಹೆದರಿಸಿದರೂ ಇದು ಅಳಿಸುವುದು ಚಾಲಕದ ದಾಖಲೆಯನ್ನು, ನಿಮ್ಮ ಫೈಲುಗಳನ್ನಲ್ಲ. ಯುಎಸ್‌ಬಿ ಡಿಸ್ಕ್ ಅರ್ಧ ಗಂಟೆ ಇದ್ದು ಮಾಯವಾಗುತ್ತಿದ್ದರೆ ಅಲ್ಲೇ ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ, ವಿದ್ಯುತ್ ಉಳಿಸಲು ಸಾಧನವನ್ನು ಆರಿಸುವ ಅನುಮತಿಯ ಗುರುತು ತೆಗೆಯಿರಿ.

ಸ್ವಲ್ಪ ಹೊತ್ತಾದರೂ ಕಾಣಿಸಿಕೊಂಡರೆ

ಮೊದಲು ಅತಿ ಮುಖ್ಯವಾದ ಫೋಲ್ಡರ್ ನಕಲು ಮಾಡಿ, ಆಮೇಲೆ ಉಳಿದದ್ದು. ಅನಂತರ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಡಿಸ್ಕ್ ತಾನೇ ಬರೆದಿಟ್ಟುಕೊಂಡ ಆರೋಗ್ಯದ ದಾಖಲೆ ನೋಡಿ. ಸಾಟಾ ಹಾರ್ಡ್ ಡಿಸ್ಕ್‌ನಲ್ಲಿ 5, 197, 198 ಎಂಬ ಕ್ರಮಾಂಕಗಳ ಕಚ್ಚಾ ಮೌಲ್ಯ (ರಾ ವ್ಯಾಲ್ಯೂ) ಸೊನ್ನೆ ಇರಬೇಕು. ಏರುತ್ತಿದ್ದರೆ ತಟ್ಟೆಯ ಮೇಲಿನ ಜಾಗಗಳು ಕೆಡುತ್ತಿವೆ. 199 ಮಾತ್ರ ಏರುತ್ತಿದ್ದರೆ ಡಿಸ್ಕನ್ನು ಬೈಯಬೇಡಿ, ಸಾಟಾ ಕೇಬಲ್ ಬದಲಾಯಿಸಿ. ಈ ತಂತ್ರಾಂಶ ಅಂಕಿಗಳನ್ನು ಹದಿನಾರರ ಎಣಿಕೆಯಲ್ಲಿ ತೋರಿಸುವುದರಿಂದ ಅವು ಅಲ್ಲಿ 05, ಸಿ5, ಸಿ6, ಸಿ7 ಎಂದು ಕಾಣುತ್ತವೆ.

ಕೆಟ್ಟ ಜಾಗಗಳಿರುವ ಡಿಸ್ಕ್ ಮೇಲೆ ವಿಂಡೋಸ್‌ನ ಚೆಕ್ ಡಿಸ್ಕ್ ಓಡಿಸಬೇಡಿ. ಅದರ ಗುರಿ ಫೈಲ್ ವ್ಯವಸ್ಥೆಯನ್ನು ಅಚ್ಚುಕಟ್ಟು ಮಾಡುವುದು, ಆ ಭರದಲ್ಲಿ ಅರೆಬರೆ ಫೈಲುಗಳನ್ನು ಕಡಿದುಹಾಕಲು ಹಿಂಜರಿಯುವುದಿಲ್ಲ. ಮೊದಲು ಇಡೀ ಡಿಸ್ಕ್‌ನ ಪ್ರತಿ ತೆಗೆಯಬೇಕು. ಅದಕ್ಕೆ ಉಬುಂಟು ಲಿನಕ್ಸ್ ಇರುವ ಪೆನ್ ಡ್ರೈವ್‌ನಿಂದ ಕಂಪ್ಯೂಟರ್ ಶುರುಮಾಡಿ, ಗ್ನೂ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸುವುದು ನನಗೆ ಗೊತ್ತಿರುವ ಅತ್ಯುತ್ತಮ ದಾರಿ. ಸುಲಭವಾಗಿ ಓದಲು ಬರುವುದನ್ನು ಅದು ಮೊದಲು ಎತ್ತಿಕೊಳ್ಳುತ್ತದೆ, ಹಟಮಾರಿ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿಯವರೆಗೆ ಬಂತು ಎಂಬುದನ್ನು ನಕ್ಷೆ ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ನಿಂತರೂ ಮುಂದುವರಿಸಬಹುದು. ಪ್ರತಿ ಇಡುವ ಡಿಸ್ಕ್ ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. ಆದೇಶದಲ್ಲಿ ಮೂಲ ಮೊದಲು, ಗುರಿ ಆಮೇಲೆ. ಇದು ಅದಲುಬದಲಾದರೆ ಖಾಲಿ ಡಿಸ್ಕ್ ನಿಮ್ಮ ಫೋಟೋಗಳ ಮೇಲೆ ನಕಲಾಗುತ್ತದೆ. ಎರಡೂ ಡಿಸ್ಕ್‌ಗಳ ಮಾದರಿ ಸಂಖ್ಯೆಯನ್ನು ಕಾಗದದ ಮೇಲೆ ಬರೆದುಕೊಂಡು, ಎಂಟರ್ ಒತ್ತುವ ಮುನ್ನ ಹೋಲಿಸಿ ನೋಡಿ.

ಪ್ರತಿ ಸಿದ್ಧವಾದ ಮೇಲೆ ಮೂಲ ಡಿಸ್ಕನ್ನು ಬದಿಗಿಟ್ಟು ಪ್ರತಿಯ ಮೇಲೆ ಟೆಸ್ಟ್‌ಡಿಸ್ಕ್ ಓಡಿಸಿ. ಕಳೆದುಹೋದ ವಿಭಾಗಗಳನ್ನು ಅದು ಹುಡುಕಿ ಕೊಡುತ್ತದೆ. ಪಿ ಒತ್ತಿದರೆ ಫೈಲುಗಳ ಪಟ್ಟಿ ಬರುತ್ತದೆ, ಅಲ್ಲಿಂದಲೇ ನಕಲು ಮಾಡಿಕೊಳ್ಳಬಹುದು. ಅದರಿಂದಲೂ ಆಗದಿದ್ದರೆ ಜೊತೆಯಲ್ಲೇ ಬರುವ ಫೋಟೋರೆಕ್ ಇದೆ. ಅದು ಫೈಲುಗಳನ್ನು ತರುತ್ತದೆ, ಹೆಸರು ಮತ್ತು ಫೋಲ್ಡರ್‌ಗಳನ್ನು ತರುವುದಿಲ್ಲ. ಸಾವಿರಾರು ಫೋಟೋಗಳನ್ನು ಕೂತು ಬೇರ್ಪಡಿಸುವ ತಾಳ್ಮೆ ಬೇಕು. ಎರಡೂ ಉಚಿತ. ‘ಸ್ಕ್ಯಾನ್ ಉಚಿತ, ಫೈಲು ಬೇಕಾದರೆ ಹಣ’ ಎನ್ನುವ ತಂತ್ರಾಂಶಗಳಿಗೆ ದುಡ್ಡು ಸುರಿಯುವ ಮುನ್ನ ಇವನ್ನು ಪ್ರಯತ್ನಿಸಿ.

ರಿಕವರಿಗೆ ಕೊಡುವಾಗ

ಡಿಸ್ಕ್ ಬಡಿಯುತ್ತಿದ್ದರೆ, ಬಿದ್ದು ನಿಂತಿದ್ದರೆ, ಬಯೋಸ್‌ಗೂ ಕಾಣದಿದ್ದರೆ ಮನೆಯ ಪ್ರಯೋಗ ಇಲ್ಲಿಗೆ ಮುಗಿಯಿತು. ಫ್ರೀಜರ್‌ನಲ್ಲಿಟ್ಟರೆ ಬದುಕುತ್ತದೆ ಎಂಬ ಸಲಹೆ ಇನ್ನೂ ಹರಿದಾಡುತ್ತಿದೆ. ಹೊರತೆಗೆದ ಮೇಲೆ ತಟ್ಟೆಯ ಮೇಲೆ ಕೂರುವ ತೇವ ಉಳಿದದ್ದನ್ನೂ ಕೆಡಿಸುತ್ತದೆ. ಅದೇ ಮಾದರಿಯ ಇನ್ನೊಂದು ಡಿಸ್ಕ್‌ನ ಬೋರ್ಡ್ ತಂದು ಹಾಕುವುದು ಹಿಂದೆ ನಡೆಯುತ್ತಿತ್ತು. ಈಗ ಪ್ರತಿ ಬೋರ್ಡ್‌ನ ಚಿಪ್ಪಿನಲ್ಲಿ ಆಯಾ ಡಿಸ್ಕ್‌ಗೇ ಹೊಂದಿಸಿದ ಮಾಹಿತಿ ಇರುವುದರಿಂದ ಆ ಚಿಪ್ಪನ್ನೂ ವರ್ಗಾಯಿಸದೆ ಪ್ರಯೋಜನವಿಲ್ಲ. ಮೇಜಿನ ಮೇಲೆ ಮುಚ್ಚಳ ಬಿಚ್ಚಿ ತೋರಿಸುತ್ತೇನೆ ಎನ್ನುವ ಅಂಗಡಿಯಿಂದ ಡಿಸ್ಕ್ ವಾಪಸು ತೆಗೆದುಕೊಂಡು ಬನ್ನಿ. ಆ ಕೆಲಸಕ್ಕೆ ಧೂಳಿಲ್ಲದ ಕ್ಲೀನ್ ರೂಮ್ ಬೇಕು.

ಕೊಡುವ ಮುನ್ನ ಕೇಳಬೇಕಾದದ್ದು: ಕ್ಲೀನ್ ರೂಮ್ ನಿಮ್ಮದೇ, ಅಥವಾ ಬೇರೆಡೆಗೆ ಕಳುಹಿಸುತ್ತೀರಾ? ಫೈಲು ಸಿಗದಿದ್ದರೂ ಶುಲ್ಕ ಇದೆಯೇ? ಹಣ ಕೊಡುವ ಮುನ್ನ ಸಿಕ್ಕ ಫೈಲುಗಳ ಪಟ್ಟಿ ತೋರಿಸುತ್ತೀರಾ? ಉತ್ತರಗಳನ್ನು ಬರವಣಿಗೆಯಲ್ಲಿ ಪಡೆಯಿರಿ. ನೀವು ಈಗಾಗಲೇ ಏನೇನು ಮಾಡಿ ನೋಡಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಿ, ಅವರ ಕೆಲಸ ಸುಲಭವಾಗುತ್ತದೆ.

ಡಿಸ್ಕ್‌ಗೆ ವಾರಂಟಿ ಇನ್ನೂ ಇದ್ದರೆ ಕ್ರಮ ಮರೆಯಬೇಡಿ: ರಿಕವರಿ ಮೊದಲು, ವಾರಂಟಿ ಆಮೇಲೆ. ಕಂಪನಿ ಕೊಡುವುದು ಬದಲಿ ಡಿಸ್ಕನ್ನು, ಅದರಲ್ಲಿದ್ದ ಫೈಲುಗಳನ್ನಲ್ಲ. ಹಳೆಯದು ಸಾಮಾನ್ಯವಾಗಿ ವಾಪಸು ಬರುವುದೂ ಇಲ್ಲ. ರಿಕವರಿಯವರು ಮುಚ್ಚಳ ತೆರೆದರೆ ವಾರಂಟಿ ರದ್ದಾಗದಂತೆ ಕಂಪನಿಯಿಂದ ಮೊದಲೇ ಅನುಮತಿ ಪತ್ರ ಬೇಕೇ ಎಂದು ವಿಚಾರಿಸಿಕೊಳ್ಳಿ. ಬ್ಯಾಂಕ್ ದಾಖಲೆ, ಆಧಾರ್ ಪ್ರತಿ, ಗ್ರಾಹಕರ ವಿವರ ತುಂಬಿದ, ಅಳಿಸಲೂ ಆಗದ ಡಿಸ್ಕ್ ಆಗಿದ್ದರೆ ಬದಲಿಯ ಆಸೆ ಬಿಟ್ಟು, ಅದನ್ನು ಮನೆಯಲ್ಲೇ ಉಳಿಸಿಕೊಳ್ಳುವುದು ವಾಸಿ.